ಮಂಗಳೂರಿನ ವೈದ್ಯರು, ಗಡಿಯೀಚೆಯ ರೋಗಿಗಳು

ನಮ್ಮ ಸೀಮೆಯಲ್ಲಿ ‘ಮಂಗಳೂರಿಗೆ ಹೋಗಿದ್ದಾರೆ’ ಎಂಬ ಮಾತಿಗೂ ‘ಮಂಗಳೂರಿಗೆ ಕೊಂಡುಹೋಗಿದ್ದಾರೆ’ ಎಂಬ ಮಾತಿಗೂ ಅಜಗಜಾಂತರವಿದೆ. ಮೊದಲನೆಯದು ಜವಳಿಗೆ, ಚಿನ್ನಕ್ಕೆ, ಕಾಲೇಜಿನ ಅರ್ಜಿಗೆ, ನೆಂಟರ ಮನೆಗೆ. ಎರಡನೆಯದನ್ನು ಕೇಳಿದವರು ಕೂಡಲೇ ದನಿ ತಗ್ಗಿಸಿ ‘ಯಾವ ಆಸ್ಪತ್ರೆಗೆ?’ ಎಂದು ವಿಚಾರಿಸುತ್ತಾರೆ. ಮಂಜೇಶ್ವರದಿಂದ ಅಡೂರಿನ ತನಕ, ಕುಂಬಳೆಯಿಂದ ಪೆರ್ಲದ ತನಕ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ಒಂದು ಜಿಲ್ಲೆಯ ಜನರು ನೆರೆರಾಜ್ಯದ ನಗರವೊಂದನ್ನು ತಮ್ಮ ಆಸ್ಪತ್ರೆಯೆಂದು ನಂಬಿಕೊಂಡು ತಲೆಮಾರುಗಳೇ ಕಳೆದಿವೆ. ಆ ನಗರದಲ್ಲಿ ವೈದ್ಯರಿಗೆ ಬರವಿಲ್ಲ. ಹಾಗಿದ್ದೂ ಅಲ್ಲಿನ ವೈದ್ಯ ನಮ್ಮ ರೋಗಿಗೆ ಯಾವಾಗ ಸಿಗುತ್ತಾನೆ, ಯಾವಾಗ ಸಿಗುವುದಿಲ್ಲ ಎಂಬುದನ್ನು ನಾವು ಕುಳಿತು ಯೋಚಿಸಿದ್ದು ಕಡಮೆ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಮನೆಗಳಿಗೆ ಈ ಯೋಚನೆ ಇನ್ನೂ ಒಂದು ಕಾರಣಕ್ಕೆ ಅಗತ್ಯ. ಆ ಕಾರಣವನ್ನು ಲೇಖನದ ಕೊನೆಯ ಭಾಗದಲ್ಲಿ ಹೇಳುತ್ತೇನೆ.

ನಮ್ಮದೇ ಆಗಿದ್ದ ಜಿಲ್ಲಾಸ್ಪತ್ರೆ

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮೂಲ 1848ರಷ್ಟು ಹಿಂದಕ್ಕೆ, ಈಸ್ಟ್ ಇಂಡಿಯಾ ಕಂಪೆನಿಯ ಕಾಲಕ್ಕೆ ಹೋಗುತ್ತದೆ. ಮದ್ರಾಸ್ ಪ್ರಾಂತದ ಗವರ್ನರನಾಗಿದ್ದ ಲಾರ್ಡ್ ವೆನ್ಲಾಕನ ಹೆಸರು ಅದಕ್ಕೆ ಆಮೇಲೆ ಬಂತು. ಮದ್ರಾಸ್ ಪ್ರಾಂತದಲ್ಲಿದ್ದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಮಂಗಳೂರು ಅದರ ಜಿಲ್ಲಾ ಕೇಂದ್ರ. ಎಂದಮೇಲೆ 1956ರ ನವೆಂಬರ್ 1ರ ವರೆಗೆ ವೆನ್ಲಾಕ್ ನಮ್ಮ ಜಿಲ್ಲಾಸ್ಪತ್ರೆಯೇ ಆಗಿತ್ತು. ನಮ್ಮ ಅಜ್ಜಂದಿರು ಅಲ್ಲಿಗೆ ಹೋದದ್ದು ಅನ್ಯರಾಜ್ಯದ ಆಶ್ರಯ ಬೇಡಿಕೊಂಡಲ್ಲ. ರಾಜ್ಯ ಪುನರ್ವಿಂಗಡಣೆಯ ದಿನ ಭೂಪಟದಲ್ಲಿ ಗೆರೆ ಸರಿಯಿತು. ರೋಗಿಗಳ ದಾರಿ ಸರಿಯಲಿಲ್ಲ. ಹೊಸ ರಾಜ್ಯದ ರಾಜಧಾನಿ ಐನೂರು ಕಿಲೋಮೀಟರಿಗೂ ಮೀರಿದ ದೂರದಲ್ಲಿತ್ತು, ಹಳೆಯ ಜಿಲ್ಲಾ ಕೇಂದ್ರ ಕಾಸರಗೋಡು ಪೇಟೆಯಿಂದ ಸುಮಾರು ಐವತ್ತೇ ಕಿಲೋಮೀಟರು. ಜನ ಯಾವ ದಿಕ್ಕಿಗೆ ಹೊರಳುತ್ತಾರೆಂಬುದಕ್ಕೆ ಜ್ಯೋತಿಷ್ಯ ಬೇಕಾಗಿರಲಿಲ್ಲ.

ಆ ದಿಕ್ಕಿನಲ್ಲಿ ವೈದ್ಯಕೀಯದ ಬೀಜ ಮೊದಲೇ ಬಿದ್ದಿತ್ತು. ಜರ್ಮನ್ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಹೋಮಿಯೋಪಥಿ ಮದ್ದು ಕೊಡತೊಡಗಿದರು. ಅದೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತೆರೆದರು. ಅದರ ಮಂಗಳೂರಿನ ವಿದ್ಯಾರ್ಥಿಗಳಿಗೆ ವೆನ್ಲಾಕ್ ಮತ್ತು ಲೇಡಿ ಗೋಷನ್ ಸರಕಾರಿ ಆಸ್ಪತ್ರೆಗಳ ವಾರ್ಡುಗಳೇ ಪಾಠಶಾಲೆಗಳಾದವು. 1999ರಲ್ಲಿ ಫಾದರ್ ಮುಲ್ಲರ್, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೇನೆಪೋಯ ಎಂಬ ಮೂರು ಮೆಡಿಕಲ್ ಕಾಲೇಜುಗಳು ಒಂದೇ ವರ್ಷ ಹುಟ್ಟಿಕೊಂಡವು. ಬಳಿಕ ಕುಂಟಿಕಾನದ ಎ.ಜೆ., ಮುಕ್ಕದ ಶ್ರೀನಿವಾಸ, ನಾಟೆಕಲ್ಲಿನ ಕಣಚೂರು ಬಂದವು. ಸುಳ್ಯದ ಕೆ.ವಿ.ಜಿ. ಕಾಲೇಜನ್ನೂ ಸೇರಿಸಿದರೆ ಒಂದೇ ಜಿಲ್ಲೆಯಲ್ಲಿ ಎಂಟು. 2011ರ ಜನಗಣತಿಯಂತೆ ಸುಮಾರು 20.9 ಲಕ್ಷ ಜನರ ಜಿಲ್ಲೆ ಅದು. ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟು ಮೆಡಿಕಲ್ ಕಾಲೇಜುಗಳಿರುವ ಜಿಲ್ಲೆ ದೇಶದಲ್ಲೇ ಅಪರೂಪ. ಅವುಗಳಲ್ಲಿ ಎರಡು ಮೂರು ತಲಪಾಡಿ ಗಡಿಗೆ ಎಷ್ಟು ಹತ್ತಿರವೆಂದರೆ, ಮಂಜೇಶ್ವರದವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಅವೇ ಸಮೀಪ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಎಂಟೂ ಖಾಸಗಿಯವು. ದಕ್ಷಿಣ ಕನ್ನಡದಲ್ಲಿ ಸರಕಾರದ ಮೆಡಿಕಲ್ ಕಾಲೇಜಿಲ್ಲ. ಹಾಗಿದ್ದೂ ಬಡವರಿಗೆ ಅಲ್ಲಿ ಪ್ರವೇಶ ಹೇಗೆ ದೊರೆಯಿತು? ದಾನಬುದ್ಧಿಯ ಪಾಲು ಇದ್ದೇ ಇದೆ. ನಿಯಮದ ಪಾಲೂ ಇದೆ. ವೈದ್ಯ ವಿದ್ಯಾರ್ಥಿ ಕಲಿಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಈಗಿನ ನಿಯಮದಂತೆ 50 ಸೀಟಿನ ಕಾಲೇಜಿಗೆ 220 ಹಾಸಿಗೆಗಳು ಬೇಕು, 100 ಸೀಟಿಗೆ 420 ಹಾಸಿಗೆಗಳು ಬೇಕು. ಅವುಗಳಲ್ಲಿ ಬಹುಪಾಲು ತುಂಬಿರಬೇಕು. ಹಾಸಿಗೆ ತುಂಬಬೇಕಾದರೆ ಸಾಮಾನ್ಯ ವಾರ್ಡಿನ ದರ ಬಡವನ ಕೈಗೆಟಕುವಂತಿರಬೇಕು. ಹೀಗೆ ಹಳ್ಳಿಹಳ್ಳಿಯ ಉಚಿತ ತಪಾಸಣಾ ಶಿಬಿರ, ರಿಯಾಯಿತಿಯ ಹಸಿರು ಕಾರ್ಡು, ರೋಗಿಗಳನ್ನು ಕರೆದೊಯ್ಯುವ ಬಸ್ಸು ಇವೆಲ್ಲ ನಮ್ಮ ಶಾಲೆಯ ಅಂಗಳದ ತನಕ ಬಂದವು. ಅವರಿಗೆ ರೋಗಿಗಳು ಬೇಕಿತ್ತು, ನಮಗೆ ವೈದ್ಯರು ಬೇಕಿತ್ತು. ಈ ಕೊಡುಕೊಳ್ಳುವಿಕೆಯಿಂದ ಎಷ್ಟೋ ಜೀವಗಳು ಉಳಿದಿವೆ. ಅದನ್ನು ಕೃತಜ್ಞತೆಯಿಂದ ನೆನೆಯುತ್ತಲೇ ಮುಂದಿನ ಪ್ರಶ್ನೆಯನ್ನು ಕೇಳಬೇಕು.

ಸರಾಸರಿ ಎಂಬ ಮಾಯೆ

ಒಂದು ಸಾವಿರ ಜನಕ್ಕೆ ಒಬ್ಬ ವೈದ್ಯನಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಎಲ್ಲೆಡೆ ಉದ್ಧರಿಸುವ ಅಳತೆ. ಭಾರತದಲ್ಲಿ 834 ಜನಕ್ಕೆ ಒಬ್ಬ ವೈದ್ಯನಿದ್ದಾನೆಂದು ಕೇಂದ್ರ ಸರಕಾರ ಸಂಸತ್ತಿನಲ್ಲಿ ಹೇಳಿತು. ಆ ಲೆಕ್ಕದಲ್ಲಿ ಆಯುರ್ವೇದ, ಹೋಮಿಯೋಪಥಿ ಮೊದಲಾದ ಪದ್ಧತಿಗಳ 5.65 ಲಕ್ಷ ವೈದ್ಯರೂ ಸೇರಿದ್ದಾರೆ. ನೋಂದಾಯಿತ ವೈದ್ಯರಲ್ಲಿ ನೂರಕ್ಕೆ ಎಂಬತ್ತು ಮಂದಿ ಸೇವೆಗೆ ದೊರೆಯುತ್ತಾರೆಂಬ ಅಂದಾಜೂ ಸೇರಿದೆ. ಹಾಗೆಯೇ 2014ರಲ್ಲಿ ದೇಶದಲ್ಲಿ 387 ಇದ್ದ ಮೆಡಿಕಲ್ ಕಾಲೇಜುಗಳು ಹತ್ತು ವರ್ಷದೊಳಗೆ ಏಳುನೂರನ್ನು ದಾಟಿದವು. ಸುಮಾರು 51 ಸಾವಿರವಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷವನ್ನು ಮೀರಿದವು. ಈ ಅಂಕಿಗಳನ್ನು ಓದಿದವನಿಗೆ ವೈದ್ಯರ ಕೊರತೆ ಕಳೆದ ಕಾಲದ ಮಾತೆಂದು ತೋರಬಹುದು.

ಆದರೆ ನದಿಯ ಸರಾಸರಿ ಆಳ ಮೂರು ಅಡಿ ಎಂದು ಕೇಳಿ ಇಳಿದವನು ಮಡುವಿನಲ್ಲಿ ಮುಳುಗಬಹುದು. ಕೇಂದ್ರ ಸರಕಾರವೇ ಪ್ರಕಟಿಸಿದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದಂತೆ, ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞ ವೈದ್ಯರಲ್ಲಿ ಶೇ. 80ರ ಸಮೀಪ ಕೊರತೆಯಿತ್ತು. ಶಸ್ತ್ರವೈದ್ಯ, ಪ್ರಸೂತಿ ತಜ್ಞೆ, ಮಕ್ಕಳ ತಜ್ಞ, ಸಾಮಾನ್ಯ ರೋಗಗಳ ತಜ್ಞ ಈ ನಾಲ್ವರಲ್ಲಿ ಹೆಚ್ಚುಕಡಮೆ ಒಬ್ಬರಷ್ಟೇ ಇದ್ದಂತೆ. ಉಳಿದವರು ಎಲ್ಲಿ? ನಗರದಲ್ಲಿ. ಅದಕ್ಕೆ ಅವರನ್ನು ದೂಷಿಸಿ ಕುಳಿತುಕೊಳ್ಳುವುದು ಸುಲಭ, ಪ್ರಯೋಜನ ಸ್ವಲ್ಪ. ಹೃದ್ರೋಗ ತಜ್ಞನೊಬ್ಬನು ಕೈಚಳಕ ತೋರಿಸಬೇಕಾದರೆ ಆಂಜಿಯೋಗ್ರಾಮ್ ಯಂತ್ರ ಬೇಕು, ಅರಿವಳಿಕೆ ತಜ್ಞ ಬೇಕು, ತರಬೇತಾದ ದಾದಿಯರು ಬೇಕು, ರಕ್ತನಿಧಿ ಬೇಕು, ಎಡೆಬಿಡದ ವಿದ್ಯುತ್ತು ಬೇಕು. ಪತ್ನಿಗೆ ಉದ್ಯೋಗ, ಮಕ್ಕಳಿಗೆ ಶಾಲೆ ಬೇಕು. ಇವೆಲ್ಲ ಒಂದೆಡೆ ನೆರೆದ ಮೇಲೆ ಎರಡನೆಯ ತಜ್ಞನೂ ಅಲ್ಲಿಗೇ ಬರುತ್ತಾನೆ, ಹತ್ತನೆಯವನೂ ಅಲ್ಲಿಗೇ. ಜೇನ್ನೊಣಗಳಂತೆ ವೈದ್ಯರೂ ಗೂಡಿರುವಲ್ಲಿಗೆ ಹೋಗುತ್ತಾರೆ. ಗೂಡು ಕಟ್ಟುವ ಹೊಣೆ ಸರಕಾರದ್ದು.

ಹೀಗಾಗಿ ಒಬ್ಬ ರೋಗಿಗೆ ವೈದ್ಯನು ದೊರೆಯುತ್ತಾನೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ದೇಶದಲ್ಲಿರುವ ವೈದ್ಯರ ಸಂಖ್ಯೆಯಲ್ಲ. ರಾತ್ರಿ ಎರಡು ಗಂಟೆಗೆ ಪೈವಳಿಕೆಯ ಒಂದು ಮನೆಯಲ್ಲಿ ಎದೆನೋವು ಕಾಣಿಸಿಕೊಂಡಾಗ ಮೂರು ಲೆಕ್ಕಗಳು ಏಳುತ್ತವೆ: ದಾರಿ ಎಷ್ಟು, ದುಡ್ಡು ಎಷ್ಟು, ಹೇಳಿದ ಮಾತು ಅರ್ಥವಾಗುವುದೆಷ್ಟು. ಮೆದುಳಿನ ಆಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಮದ್ದನ್ನು ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ. ಅಷ್ಟರೊಳಗೆ ಮನೆಯವರಿಗೆ ಅನುಮಾನ ಬರಬೇಕು, ವಾಹನ ಸಿಗಬೇಕು, ಆಸ್ಪತ್ರೆ ತಲುಪಬೇಕು, ಸ್ಕ್ಯಾನ್ ಆಗಬೇಕು. ದಾರಿಯಲ್ಲಿ ಒಂದು ತಡೆ ಬಂದರೂ ಲೆಕ್ಕ ತಪ್ಪುತ್ತದೆ.

ಮಣ್ಣಿನ ದಿಣ್ಣೆಯ ಪಾಠ

ಆ ತಡೆ ಎಂಥದ್ದೆಂದು 2020ರ ಮಾರ್ಚಿಯಲ್ಲಿ ಕಂಡೆವು. ಕೊರೋನಾ ಸೋಂಕಿನ ಭಯದಿಂದ ಕರ್ನಾಟಕವು ತಲಪಾಡಿಯ ರಾಷ್ಟ್ರೀಯ ಹೆದ್ದಾರಿಯನ್ನು ಮುಚ್ಚಿತು, ಒಳದಾರಿಗಳ ಮೇಲೆ ಮಣ್ಣು ಸುರಿಸಿತು. ಆ ಸಮಯದಲ್ಲಿ ಕೇರಳದಲ್ಲಿ ಸೋಂಕು ಹೆಚ್ಚಾಗಿ ಕಂಡ ಜಿಲ್ಲೆ ನಮ್ಮದೇ ಆಗಿದ್ದುದರಿಂದ ಅವರ ಭಯ ಅಕಾರಣವೇನಲ್ಲ. ಆದರೆ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಹೋಗುತ್ತಿದ್ದವರು, ಕ್ಯಾನ್ಸರಿನ ಚಿಕಿತ್ಸೆ ಅರ್ಧದಲ್ಲಿದ್ದವರು, ಹೆರಿಗೆಯ ದಿನ ಎಣಿಸುತ್ತಿದ್ದ ತಾಯಂದಿರು ಒಂದೇ ರಾತ್ರಿಯಲ್ಲಿ ವೈದ್ಯರಿಲ್ಲದವರಾದರು. ಗಡಿಯಲ್ಲಿ ತಡೆದುದರಿಂದ ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಹಲವರು ತೀರಿಕೊಂಡರೆಂದು ಆಗಿನ ಪತ್ರಿಕೆಗಳು ದಿನದಿನವೂ ವರದಿ ಮಾಡಿದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ಹೆದ್ದಾರಿಯ ತಡೆಯನ್ನು ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ರಾಜ್ಯಗಳೂ ಕೇಂದ್ರವೂ ಕುಳಿತು ರೋಗಿಗಳ ಸಂಚಾರಕ್ಕೆ ಒಂದು ಕ್ರಮವನ್ನು ಒಪ್ಪಿಕೊಂಡವೆಂದು ಏಪ್ರಿಲ್ 7ರಂದು ತಿಳಿಸಿದ ಮೇಲೆ ಮೊಕದ್ದಮೆ ಮುಗಿಯಿತು.

ಮೊಕದ್ದಮೆ ಮುಗಿದರೂ ಪಾಠ ಉಳಿದಿದೆ. ಎಂಟು ಮೆಡಿಕಲ್ ಕಾಲೇಜುಗಳ ವೈದ್ಯರೆಲ್ಲರೂ ಆ ಹದಿನೈದು ದಿನಗಳಲ್ಲಿ ತಮ್ಮ ತಮ್ಮ ಜಾಗದಲ್ಲೇ ಇದ್ದರು. ಒಬ್ಬರೂ ಕಡಮೆಯಾಗಿರಲಿಲ್ಲ. ನಮ್ಮ ಪಾಲಿಗೆ ಮಾತ್ರ ಅವರು ಇಲ್ಲವಾಗಿದ್ದರು. ಪರೋಪಕಾರದಿಂದ ದೊರೆತದ್ದನ್ನು ಹಕ್ಕೆಂದು ತಿಳಿದು ಬದುಕಿದ ಸಮಾಜಕ್ಕೆ ಅದು ಹಕ್ಕಲ್ಲವೆಂದು ತಿಳಿಯುವುದು ಬಾಗಿಲು ಮುಚ್ಚಿದಾಗಲೇ. ಕರ್ನಾಟಕದ ಆರೋಗ್ಯ ಇಲಾಖೆಗೆ ಕಾಸರಗೋಡಿನ ರೋಗಿ ಲೆಕ್ಕಕ್ಕಿಲ್ಲದವನು; ಕೇರಳದ ಇಲಾಖೆಗೆ ಅವನು ಹೇಗೂ ಮಂಗಳೂರಿಗೆ ಹೋಗುವವನು. ಎರಡು ಪುಸ್ತಕಗಳ ನಡುವೆ ಬಿದ್ದ ಚೀಟಿಯಂತೆ ನಮ್ಮ ಸ್ಥಿತಿ.

ಒಬ್ಬ ಹಳ್ಳಿವೈದ್ಯ ಕಂಡದ್ದು

ಮಂಗಳೂರು ಇರುವಾಗ ನಮ್ಮಲ್ಲೇ ವೈದ್ಯರು ಏಕೆ ಬೇಕು ಎಂದು ಕೇಳುವವರಿದ್ದಾರೆ. ದೂರ ಮತ್ತು ತಡೆ ಒಂದು ಉತ್ತರ. ಅದಕ್ಕಿಂತ ಆಳವಾದ ಉತ್ತರವನ್ನು ಎಣ್ಮಕಜೆ ಪಂಚಾಯತು ಕೊಟ್ಟಿದೆ.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಆ ಗುಡ್ಡಗಳ ಕೆಳಗಿನ ಪಡ್ರೆಯ ವಾಣಿನಗರದಲ್ಲಿ ಡಾ. ವೈ.ಎಸ್. ಮೋಹನಕುಮಾರರು ವೈದ್ಯವೃತ್ತಿ ನಡೆಸುತ್ತಿದ್ದರು. ತನ್ನ ಬಳಿಗೆ ಬರುವ ಮನೆಗಳಲ್ಲಿ ಅಂಗವೈಕಲ್ಯದ ಮಕ್ಕಳು, ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಅಸಹಜವೆನಿಸುವಷ್ಟು ಕಾಣುತ್ತಿವೆಯೆಂದು ಅವರಿಗೆ ಅನಿಸಿತು. ಅವರು ಬರೆದಿಟ್ಟುಕೊಂಡರು, ಬರೆದು ತಿಳಿಸಿದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆಯವರು ಸುದ್ದಿಯನ್ನು ನಾಡಿಗೆ ಮುಟ್ಟಿಸಿದರು. ಅಲ್ಲಿಂದ ಬೆಳೆದ ಹೋರಾಟ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನಿಷೇಧದ ತನಕ ಹೋಯಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದೂ ಅವರ ಜೀವನಪರ್ಯಂತದ ಚಿಕಿತ್ಸೆಯ ವ್ಯವಸ್ಥೆಯನ್ನು ಸರಕಾರ ಪರಿಗಣಿಸಬೇಕೆಂದೂ ಹೇಳಿತು. ಸಂತ್ರಸ್ತರ ಪಟ್ಟಿಯಲ್ಲಿ ಹನ್ನೊಂದು ಪಂಚಾಯತುಗಳ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ಈ ಕಥೆಯನ್ನು ವೈದ್ಯರ ಲಭ್ಯತೆಯ ದೃಷ್ಟಿಯಿಂದ ಮತ್ತೊಮ್ಮೆ ನೋಡೋಣ. ನಗರದ ತಜ್ಞನ ಮುಂದೆ ಪಡ್ರೆಯಿಂದ ಒಂದು ಮಗು ಹೋಗುತ್ತದೆ, ಮುಂದಿನ ತಿಂಗಳು ಬೆಳ್ಳೂರಿನಿಂದ ಇನ್ನೊಂದು. ಒಂದು ಒಬ್ಬ ತಜ್ಞನಿಗೆ, ಇನ್ನೊಂದು ಬೇರೆ ಆಸ್ಪತ್ರೆಯ ಬೇರೆಯವನಿಗೆ. ಇಬ್ಬರೂ ಜಾಣರು, ಇಬ್ಬರೂ ಸರಿಯಾದ ಔಷಧವನ್ನೇ ಬರೆಯುತ್ತಾರೆ. ಆದರೆ ಒಂದೇ ನೀರು ಕುಡಿಯುವ ಮನೆಗಳಲ್ಲಿ ಸಾಲಾಗಿ ಏನೋ ನಡೆಯುತ್ತಿದೆಯೆಂದು ಕಾಣಬೇಕಾದರೆ ಆ ಮನೆಗಳ ನಡುವೆ ಕುಳಿತಿರುವ ವೈದ್ಯನೇ ಬೇಕು. ಅವನಿಗೆ ಆ ಜನರ ಮಾತು ಬರಬೇಕು. ‘ಇವಳ ತಂಗಿಗೂ ಹೀಗೇ’ ಎಂದು ಅಜ್ಜಿಯೊಬ್ಬಳು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳುವ ಮಾತು ಯಾವ ಸ್ಕ್ಯಾನಿನಲ್ಲೂ ಬರುವುದಿಲ್ಲ. ತಜ್ಞನು ರೋಗವನ್ನು ಗುಣಪಡಿಸುತ್ತಾನೆ. ಊರಿನ ರೋಗವನ್ನು ಗುರುತಿಸುವವನು ಊರಿನ ವೈದ್ಯ. ಎರಡೂ ಬೇಕು, ಒಂದು ಇನ್ನೊಂದರ ಬದಲಿಯಲ್ಲ.

ಉಕ್ಕಿನಡ್ಕದ ಹನ್ನೆರಡು ವರ್ಷ

ಇಷ್ಟು ನೋವುಂಡ ಸೀಮೆಗೆ ಸರಕಾರ ಕೊಟ್ಟದ್ದೇನು? ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ಕಾಸರಗೋಡು ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲಿ ಶಿಲಾನ್ಯಾಸವಾಯಿತು. 2020ರ ಏಪ್ರಿಲಿನಲ್ಲಿ, ಗಡಿ ಮುಚ್ಚಿದ ಆ ಸಂಕಟದಲ್ಲಿ, ತಿರುವನಂತಪುರದಿಂದ ವೈದ್ಯರ ತಂಡವೊಂದು ಬಂದು ಅಲ್ಲಿನ ಕಾಲೇಜು ಕಟ್ಟಡವನ್ನೇ ಕೋವಿಡ್ ಆಸ್ಪತ್ರೆಯನ್ನಾಗಿಸಿತು. ಅದೇ ವರ್ಷ ಚಟ್ಟಂಚಾಲಿನ ಬಳಿಯ ತೆಕ್ಕಿಲಿನಲ್ಲಿ ಟಾಟಾ ಸಮೂಹ ಐನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯನ್ನು ಕೆಲವೇ ತಿಂಗಳಲ್ಲಿ ಎಬ್ಬಿಸಿ ಸೆಪ್ಟೆಂಬರಿನಲ್ಲಿ ಸರಕಾರಕ್ಕೆ ಒಪ್ಪಿಸಿತು. ಮನಸ್ಸಿದ್ದರೆ ಆಸ್ಪತ್ರೆಯೊಂದು ಎಷ್ಟು ಬೇಗ ಏಳಬಲ್ಲದೆಂಬುದಕ್ಕೆ ಅದು ಸಾಕ್ಷಿ. ಸೋಂಕು ಇಳಿದ ಮೇಲೆ ಅಲ್ಲಿನ ಸಿಬ್ಬಂದಿ ಬೇರೆ ಬೇರೆ ಕಡೆಗೆ ಚದರಿತು. ಕಟ್ಟಡವೇ ಆಸ್ಪತ್ರೆಯಲ್ಲ ಎಂಬುದಕ್ಕೂ ಅದೇ ಸಾಕ್ಷಿ. 2022ರ ಅಕ್ಟೋಬರಿನಲ್ಲಿ ಹಿರಿಯ ಸಮಾಜಸೇವಕಿ ದಯಾಬಾಯಿಯವರು ಕಾಸರಗೋಡಿನ ಆರೋಗ್ಯ ಸೌಕರ್ಯಕ್ಕಾಗಿ ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಎರಡು ವಾರಕ್ಕೂ ಹೆಚ್ಚು ನಿರಶನ ಕೂರಬೇಕಾಯಿತು. ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ನಮ್ಮ ಕಾಲೇಜಿಗೆ 50 ಎಂ.ಬಿ.ಬಿ.ಎಸ್. ಸೀಟುಗಳ ಅನುಮತಿ ದೊರೆಯಿತು. ಶಿಲಾನ್ಯಾಸದ ದಿನ ಒಂದನೇ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ಪ್ಲಸ್ ಟು ಮುಗಿಸಿಯಾಗಿತ್ತು.

ಸಂತೋಷದ ಸುದ್ದಿ; ಆದರೆ ಲೆಕ್ಕ ಹಾಕಿ ಸಂತೋಷಪಡೋಣ. 2025ರಲ್ಲಿ ಸೇರಿದ ವಿದ್ಯಾರ್ಥಿಗೆ ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್. ಅವನು ವೈದ್ಯನಾಗಿ ಹೊರಬರುವುದು 2031ರ ಹೊತ್ತಿಗೆ. ತಜ್ಞನಾಗಲು ಮತ್ತೆ ಮೂರು ವರ್ಷ, ನರರೋಗ ತಜ್ಞನಾಗಲು ಇನ್ನೂ ಮೂರು, ಅಂದರೆ 2037. ಆದುದರಿಂದ ಕಾಲೇಜಿನಿಂದ ನಮಗೆ ಕೂಡಲೇ ಆಗಬೇಕಾದ ಲಾಭ ಅದರ ವಿದ್ಯಾರ್ಥಿಗಳಿಂದಲ್ಲ, ಅಧ್ಯಾಪಕರಿಂದ. ಕಾಲೇಜು ನಡೆಯಬೇಕಾದರೆ ಪ್ರತಿ ವಿಭಾಗದಲ್ಲಿ ಪ್ರಾಧ್ಯಾಪಕ ವೈದ್ಯರಿರಲೇಬೇಕು, ಹಾಸಿಗೆಗಳಿರಲೇಬೇಕು. ಮಂಗಳೂರಿನ ಗೂಡು ಕಟ್ಟಿದ್ದೂ ಹೀಗೆಯೇ. ತಪಾಸಣೆಯ ದಿನ ಬೇರೆ ಕಾಲೇಜಿನಿಂದ ಅಧ್ಯಾಪಕರನ್ನು ತಂದು ತೋರಿಸಿ ಮರುದಿನ ವಾಪಸು ಕಳುಹಿಸುವ ರೂಢಿ ನಮ್ಮ ದೇಶದಲ್ಲಿ ಹೊಸದಲ್ಲ. ಆ ರೂಢಿ ಉಕ್ಕಿನಡ್ಕಕ್ಕೆ ಬಾರದಂತೆ ಕಾಯುವುದು ನಮ್ಮ ಪಂಚಾಯತು ಸದಸ್ಯರ, ಶಾಸಕರ, ಪತ್ರಿಕೆಗಳ ಕೆಲಸ. ಸೀಟು ಎಷ್ಟು ಎಂದು ಕೇಳುವುದರ ಜತೆಗೆ ‘ಇಂದು ಯಾವ ವಿಭಾಗದಲ್ಲಿ ಯಾವ ವೈದ್ಯರಿದ್ದಾರೆ?’ ಎಂದು ಪ್ರತಿ ತಿಂಗಳೂ ಕೇಳುವ ಅಭ್ಯಾಸ ನಮಗಾಗಬೇಕು.

ಕಾರ್ಡು ಮತ್ತು ಗಡಿ

ಸದ್ಯಕ್ಕೆ ಮಂಗಳೂರೇ ಗತಿಯಾಗಿರುವ ಮನೆಗಳಿಗೆ ಎರಡು ವ್ಯಾವಹಾರಿಕ ಮಾತು. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆಗೆ ನೆರವಾಗುತ್ತದೆ. ಅದರೊಳಗೆ ಎರಡು ಬಗೆಯ ಕುಟುಂಬಗಳಿವೆ: ಕೇಂದ್ರದ ಆಯುಷ್ಮಾನ್ ಭಾರತ್ ಪಟ್ಟಿಯಲ್ಲಿ ಸೇರಿದವರು ಮತ್ತು ರಾಜ್ಯವೇ ತನ್ನ ಖರ್ಚಿನಲ್ಲಿ ಸೇರಿಸಿಕೊಂಡವರು. ಮೊದಲ ಬಗೆಯವರಿಗೆ ಅನ್ಯರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಸೌಲಭ್ಯ ಪಡೆಯುವ ಅವಕಾಶವಿದೆ. ಎರಡನೆಯ ಬಗೆಯವರು ಅದನ್ನು ನೆಚ್ಚಿಕೊಂಡು ಗಡಿ ದಾಟಬಾರದು. ನಿಮ್ಮ ಮನೆ ಯಾವ ಬಗೆಯಲ್ಲಿದೆಯೆಂದು ರೋಗ ಬರುವ ಮೊದಲೇ ತಿಳಿದುಕೊಳ್ಳಿ. ಕೇಂದ್ರದ ಉಚಿತ ದೂರವಾಣಿ 14555, ಕೇರಳದ ದಿಶಾ ಸಹಾಯವಾಣಿ 1056. ಆಸ್ಪತ್ರೆಗೆ ಸೇರಿಸುವ ಹೊತ್ತಿನಲ್ಲೇ ಯೋಜನೆಯ ಕೌಂಟರಿನಲ್ಲಿ ಕಾರ್ಡನ್ನು ತೋರಿಸಬೇಕು. ಬಿಲ್ಲು ಬಂದ ಮೇಲೆ ತೋರಿಸಿದರೆ ಪ್ರಯೋಜನವಾಗದು. ಕರ್ನಾಟಕದ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ದಲ್ಲಿ ಆ ರಾಜ್ಯದ ಎಲ್ಲ ಕುಟುಂಬಗಳಿಗೂ ಒಂದಲ್ಲ ಒಂದು ಪ್ರಮಾಣದ ನೆರವಿದೆಯೆಂದು ಕೇಳಿ, ತಲಪಾಡಿಯಾಚೆಯ ಬಂಧುಗಳ ಕಾರ್ಡಿನಲ್ಲಿ ಕೆಲಸ ಸಾಧಿಸಲು ಹೋಗುವುದು ಅಪರಾಧ, ಮಾತ್ರವಲ್ಲ, ಒಬ್ಬರ ರಕ್ತದ ಗುಂಪು, ಹಳೆಯ ರೋಗದ ವಿವರ ಇನ್ನೊಬ್ಬರ ಕಡತಕ್ಕೆ ಸೇರುವ ಅಪಾಯವೂ ಇದೆ.

ಎರಡನೆಯದು, ಕಾಗದ. ಮಂಗಳೂರಿನ ಡಿಸ್ಚಾರ್ಜ್ ಸಾರಾಂಶ, ಔಷಧದ ಚೀಟಿ, ಪರೀಕ್ಷೆಯ ವರದಿ ಇವನ್ನೆಲ್ಲ ಒಂದೇ ಕಡತದಲ್ಲಿ ಇಟ್ಟು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ತೋರಿಸಿ. ರಕ್ತದೊತ್ತಡ, ಮಧುಮೇಹಗಳ ತಿಂಗಳ ಮದ್ದಿಗೆ ನಗರದ ತನಕ ಹೋಗುವ ಬಸ್ಸು ಖರ್ಚನ್ನು ಇದರಿಂದ ಎಷ್ಟೋ ಮನೆಗಳು ಉಳಿಸಬಹುದು.

ಮಾತು ತಿಳಿಯುವ ವೈದ್ಯ

ಇನ್ನು ಮೊದಲೇ ಹೇಳಿದ ಕಾರಣಕ್ಕೆ ಬರೋಣ. ಕೇರಳದ ಸರಕಾರಿ ಆಸ್ಪತ್ರೆಗೆ ದಕ್ಷಿಣದ ಜಿಲ್ಲೆಯಿಂದ ನೇಮಕವಾಗಿ ಬಂದ ತರುಣ ವೈದ್ಯನಿಗೆ ಕನ್ನಡ, ತುಳು ಬಾರದು. ಮಂಗಳೂರಿನ ಕಾಲೇಜುಗಳಲ್ಲಿ ಓದುವವರು ದೇಶದ ನಾನಾ ಮೂಲೆಯವರು, ಅವರಿಗೂ ಅಷ್ಟಕ್ಕಷ್ಟೆ. ‘ಬೇನೆ’, ‘ಸೆಳೆತ’, ‘ಉರಿ’, ‘ಜೋಮು’ ಎಂಬ ನಾಲ್ಕು ಮಾತುಗಳಿಗೂ ವೈದ್ಯಶಾಸ್ತ್ರದಲ್ಲಿ ನಾಲ್ಕು ಬೇರೆ ಅರ್ಥಗಳಿವೆ. ನಡುವೆ ನಿಂತ ಯಾರೋ ಅವೆಲ್ಲವನ್ನೂ ‘ನೋವು’ ಎಂದು ಅನುವಾದಿಸಿದರೆ ರೋಗನಿದಾನ ಅಲ್ಲೇ ದಾರಿ ತಪ್ಪಬಹುದು. ವೈದ್ಯ ವಿದ್ಯಾರ್ಥಿಗಳಿಗೆ ಮೊದಲ ವರ್ಷದ ಅಡಿಪಾಯ ಪಾಠದಲ್ಲಿ ಸ್ಥಳೀಯ ಭಾಷೆಯನ್ನು ಕಲಿಸಬೇಕೆಂದು ಆಯೋಗದ ಪಠ್ಯಕ್ರಮವೇ ಹೇಳುತ್ತದೆ. ಉಕ್ಕಿನಡ್ಕದಲ್ಲಿ ಸ್ಥಳೀಯ ಭಾಷೆಯೆಂದರೆ ಮಲಯಾಳದ ಜತೆಗೆ ಕನ್ನಡವೂ ಆಗಬೇಕೆಂದು ಕೇಳುವುದು ಅತಿಯಾಸೆಯಲ್ಲ. ಅದು ಚಿಕಿತ್ಸೆಯ ಒಂದು ಭಾಗ.

ಆದರೆ ಮಾತು ತಿಳಿಯುವ ವೈದ್ಯನನ್ನು ಪಡೆಯಲು ಇನ್ನೂ ನೇರವಾದ ದಾರಿ ನಮ್ಮ ಶಾಲೆಯ ಬೆಂಚಿನ ಮೇಲೆಯೇ ಕುಳಿತಿದೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ಡಾಕ್ಟರಾಗಲು ಸಾಧ್ಯವಿಲ್ಲವೆಂಬ ಹೆದರಿಕೆಯಿಂದ ಮಕ್ಕಳನ್ನು ಐದನೆಯ ತರಗತಿಗೇ ಬೇರೆ ಶಾಲೆಗೆ ಸೇರಿಸುವವರಿದ್ದಾರೆ. ಅವರಿಗೆ ಮೂರು ಸಂಗತಿ ತಿಳಿದಿರಲಿ. ಒಂದು, ನೀಟ್ ಪರೀಕ್ಷೆಯನ್ನು ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಇದೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಅರ್ಜಿ ತುಂಬುವಾಗ ಕಾಸರಗೋಡನ್ನೋ ಕಣ್ಣೂರನ್ನೋ ಕೇಂದ್ರವಾಗಿ ಆರಿಸಿದವರಿಗೆ ಆ ಆಯ್ಕೆ ಇಲ್ಲ, ಮಂಗಳೂರನ್ನು ಆರಿಸಬೇಕು. ಎರಡು ಭಾಷೆಗಳ ಪ್ರಶ್ನೆಗಳ ನಡುವೆ ವ್ಯತ್ಯಾಸ ಬಂದರೆ ಇಂಗ್ಲಿಷಿನದೇ ಅಂತಿಮವೆಂಬ ನಿಯಮವಿರುವುದರಿಂದ ಶಾಸ್ತ್ರೀಯ ಪದಗಳನ್ನು ಎರಡೂ ಭಾಷೆಗಳಲ್ಲಿ ಕಲಿತಿರಬೇಕು. ಎರಡು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳು ಗಡಿನಾಡ ಕನ್ನಡಿಗರೆಂಬ ನಿಯಮದಡಿ ಕರ್ನಾಟಕದ ವೃತ್ತಿಶಿಕ್ಷಣ ಸೀಟುಗಳಿಗೆ ಅರ್ಜಿ ಹಾಕಬಹುದು. ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ, ಮಡಕಶಿರದ ಮಕ್ಕಳಿಗೂ ಇದೇ ಬಗೆಯ ಅವಕಾಶವಿದೆ. ಇದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕನ್ನಡ ಶಾಲೆಯ ಮಗುವಿಗೆ ಅದು ಅಡ್ಡಿಯಾಗುವುದಿಲ್ಲ, ಬಲವೇ ಆಗುತ್ತದೆ. ಆಯಾ ವರ್ಷದ ಪ್ರಕಟಣೆಯನ್ನು ಒಂಬತ್ತನೆಯ ತರಗತಿಯಿಂದಲೇ ಓದುವ ಅಭ್ಯಾಸ ಮಾಡಿಕೊಳ್ಳಿ. ಶಾಲಾ ದಾಖಲೆಗಳಲ್ಲಿ ಮಾತೃಭಾಷೆಯ ಕಾಲಂ ಸರಿಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಮೂರು, ವೈದ್ಯಸೇವೆ ಎಂದರೆ ಎಂ.ಬಿ.ಬಿ.ಎಸ್. ಒಂದೇ ಅಲ್ಲ. ದಾದಿ, ಲ್ಯಾಬ್ ತಂತ್ರಜ್ಞ, ಡಯಾಲಿಸಿಸ್ ತಂತ್ರಜ್ಞ, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್ ಇವರಿಲ್ಲದೆ ಉಕ್ಕಿನಡ್ಕದ ಒಂದು ವಾರ್ಡೂ ನಡೆಯುವುದಿಲ್ಲ. ರೋಗಿಯ ಮಾತನ್ನು ಮೊದಲು ಕೇಳುವವರು ಅವರೇ.

ಹಾಗಾದ ಮಾತ್ರಕ್ಕೆ ನಮ್ಮ ಮಕ್ಕಳು ಓದಿ ಊರಿಗೇ ಮರಳುತ್ತಾರೆಂದು ಯಾರೂ ಬರೆದುಕೊಡಲಾರರು. ಅವರೂ ಗೂಡಿರುವಲ್ಲಿಗೇ ಹೋಗುತ್ತಾರೆ. ಆದುದರಿಂದ ಮಕ್ಕಳನ್ನು ಓದಿಸುವ ಕೆಲಸವೂ ಊರಿನಲ್ಲಿ ಗೂಡು ಕಟ್ಟಿಸುವ ಕೆಲಸವೂ ಜೊತೆಜೊತೆಗೆ ಸಾಗಬೇಕು. ಮುಂದಿನ ಗ್ರಾಮಸಭೆಗೆ, ರಕ್ಷಕ-ಶಿಕ್ಷಕ ಸಂಘದ ಸಭೆಗೆ ಹೋಗುವಾಗ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗೋಣ. ಉಕ್ಕಿನಡ್ಕದ ಆಸ್ಪತ್ರೆಯಲ್ಲಿ ಈ ತಿಂಗಳು ಎಷ್ಟು ಹಾಸಿಗೆ, ಯಾವ ತಜ್ಞರು? ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೆರಿಗೆಗೆ ವೈದ್ಯರಿದ್ದಾರೆಯೇ? ಚೀಟಿ ಬರೆಯುವ ಕೌಂಟರಿನಲ್ಲಿ, ಔಷಧ ಕೊಡುವ ಕಿಟಕಿಯಲ್ಲಿ ಕನ್ನಡ ಬರಹವಿದೆಯೇ? ಉತ್ತರ ಬರುವ ತನಕ ಕೇಳುತ್ತಲೇ ಇರೋಣ. ಮಂಗಳೂರಿನ ದಾರಿ ತೆರೆದೇ ಇರಲಿ. ಆದರೆ ಆ ದಾರಿಯನ್ನು ಹಿಡಿಯಬೇಕಾದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಲಿ.